ನಮ್ಮ ನೀರು, ನಮ್ಮ ಎಲುಬು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದವರಿಗೆ ಎರಡು ನೋಟಗಳು ಚಿರಪರಿಚಿತವಾದವು. ಒಂದು, ಎಳೆಯರ ಹಲ್ಲುಗಳ ಮೇಲೆ ಅಡ್ಡಡ್ಡವಾಗಿ ಬಿದ್ದಿರುವ ಹಳದಿ ಅಥವಾ ಕಂದು ಬಣ್ಣದ ಗೆರೆಗಳು. ಇನ್ನೊಂದು, ಮುಪ್ಪು ಬರುವುದಕ್ಕೆ ಮೊದಲೇ ನಡು ಬಾಗಿ, ಕತ್ತು ಹೊರಳದೆ, ಹಿಂದಿನಿಂದ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡಬೇಕಾದ ಹೆಂಗಸರು, ಗಂಡಸರು. ಐ.ಡಿ.ಹಳ್ಳಿ, ಮಿಡಿಗೇಶಿ, ಕೊಡಿಗೇನಹಳ್ಳಿ ಮೊದಲಾದ ಹೋಬಳಿಗಳಿಂದಲೂ ಪಾವಗಡದ ಕಡೆಯ ಗ್ರಾಮಗಳಿಂದಲೂ ನಮ್ಮ ಶಾಲೆಗೆ ಬರುವ ಬಾಲಕಿಯರಲ್ಲಿ ಅನೇಕರು ಇವನ್ನು ಮನೆಯಲ್ಲಿಯೋ ನೆರೆಯಲ್ಲಿಯೋ ಕಂಡೇ ಬಂದಿರುತ್ತಾರೆ. ಆದರೆ ಕಂಡಿರುವುದು ಬೇರೆ, ಅಳೆದಿರುವುದು ಬೇರೆ. ಈ ಎರಡರ ನಡುವಣ ಅಂತರವನ್ನು ಕುರಿತು ಈ ಸ್ಮರಣ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯಬೇಕೆಂದು ನನ್ನ ಅಪೇಕ್ಷೆ.

ಈ ವ್ಯಾಧಿಯ ಹೆಸರು ಫ್ಲೋರೋಸಿಸ್. ನಮ್ಮ ಸೀಮೆಯ ನೆಲದ ಅಡಿಯಲ್ಲಿರುವುದು ಬಹುಮಟ್ಟಿಗೆ ಕಗ್ಗಲ್ಲಿನ ಜಾತಿಯ ಬಂಡೆ. ಆ ಬಂಡೆಯಲ್ಲಿರುವ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಎಂಬ ವಸ್ತುವಿದೆ. ಮಳೆ ಕಡಿಮೆಯಾದ ನಾಡಿನಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು, ಸ್ವಲ್ಪಸ್ವಲ್ಪವಾಗಿ ಅದನ್ನು ಕರಗಿಸಿಕೊಳ್ಳುತ್ತದೆ. ಆಳದ ಕೊಳವೆಬಾವಿಯ ನೀರಿನಲ್ಲಿ ಅದು ಸಾಮಾನ್ಯವಾಗಿ ಹೆಚ್ಚು. ಕೆರೆಯ ನೀರಿನಲ್ಲಿಯೂ ಮಳೆಯ ನೀರಿನಲ್ಲಿಯೂ ಬಹಳ ಕಡಿಮೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬಿಂದಿಗೆಯಲ್ಲಿ ತಳ ಕಾಣುವಂತೆ ತಿಳಿಯಾಗಿರುವ ನೀರೇ ಅತ್ಯಂತ ಕೆಟ್ಟ ನೀರಾಗಿರಬಹುದು. ಒಂದು ಲೀಟರು ನೀರಿನಲ್ಲಿ ೧.೫ ಮಿಲಿಗ್ರಾಮಿಗಿಂತ ಹೆಚ್ಚಿರಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಮಾಡಿದೆ. ಭಾರತದ ಮಾನಕವು ೧ ಮಿಲಿಗ್ರಾಮನ್ನು ತಕ್ಕುದೆಂದೂ, ಬೇರೆ ನೀರು ದೊರೆಯದಿದ್ದಲ್ಲಿ ಮಾತ್ರ ೧.೫ರವರೆಗೆ ಸಹಿಸಬಹುದೆಂದೂ ಹೇಳುತ್ತದೆ. ಈ ಮೇರೆಯನ್ನು ಮೀರಿದರೆ ಮೊದಲು ಕೆಡುವುದು ಮಕ್ಕಳ ಹಲ್ಲು. ೩ರಿಂದ ೬ ಮಿಲಿಗ್ರಾಮಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಎಲುಬಿಗೂ ಅದು ತಗಲುತ್ತದೆ. ಬಿಸಿಲಿನಲ್ಲಿ ಕೂಲಿ ಮಾಡಿ ದಿನಕ್ಕೆ ನಾಲ್ಕೈದು ಲೀಟರು ನೀರು ಕುಡಿಯುವವರಿಗೂ, ಹೊಟ್ಟೆ ತುಂಬ ಆಹಾರವಿಲ್ಲದವರಿಗೂ ಅದಕ್ಕಿಂತ ಕಡಿಮೆಯೇ ಸಾಕು. ಎಲುಬು ದಪ್ಪವಾಗುವುದು, ಕೀಲುಗಳ ಸುತ್ತಣ ನಾರುಗಳು ಕಲ್ಲಿನಂತಾಗುವುದು, ಬೆನ್ನುಮೂಳೆ ಬಿದಿರಿನ ಗಳದಂತೆ ಬಿಗಿದುಕೊಳ್ಳುವುದು, ಕಡೆಗೆ ಬೆನ್ನುಹುರಿಯೇ ಅದುಮಲ್ಪಟ್ಟು ಕಾಲುಗಳ ಶಕ್ತಿ ಉಡುಗುವುದು, ಇದು ಅದರ ಕ್ರಮ. ಒಮ್ಮೆ ಬಿಗಿದ ಎಲುಬನ್ನು ಸಡಿಲಿಸುವ ಔಷಧವಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಮ್ಮ ಸೀಮೆಯ ಬಾಗಿದ ಬೆನ್ನುಗಳೆಲ್ಲವೂ ನೀರಿನಿಂದಲೇ ಆದವೆಂದು ತಿಳಿಯಬಾರದು. ಕ್ಷಯವು ಬೆನ್ನುಮೂಳೆಗೆ ತಗಲಿದರೂ ಗೂನು ಬರುತ್ತದೆ. ಮೇಲಿಂದ ಮೇಲೆ ಹೆತ್ತು, ಹಾಲುಮೊಸರು ಕಾಣದ ತಾಯಂದಿರ ಎಲುಬು ಸುಣ್ಣದ ಸತ್ತ್ವವಿಲ್ಲದೆ ಮೆತ್ತಗಾದರೂ ನಡು ಬಾಗುತ್ತದೆ. ಕ್ಷಯಕ್ಕೆ ಔಷಧವುಂಟು, ಎಲುಬಿನ ಮೆತುವಿಗೂ ಉಂಟು. ಎಲ್ಲವನ್ನೂ ಕೆಟ್ಟ ನೀರಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಂಡರೆ, ಗುಣವಾಗಬಹುದಾಗಿದ್ದ ರೋಗಿಯೂ ಹೆಳವಳಾಗಿಯೇ ಸಾಯುವಳು. ಆದುದರಿಂದ ಇದು ಯಾವುದರಿಂದ ಬಂತು ಎಂಬ ಪ್ರಶ್ನೆ ಪಂಡಿತರ ಕಾಲಹರಣವಲ್ಲ.

ಅಂಗವೈಕಲ್ಯವನ್ನು ಕಂಡಾಗ ನಮ್ಮ ಜನರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಬೇರೆಯೇ ಆಗಿರುತ್ತದೆ. ಇದು ಯಾರ ಪಾಪದ ಫಲ, ಯಾವ ಜನ್ಮದ ಕರ್ಮ, ಯಾರ ಶಾಪ ಎಂದು ಕೇಳುವರು. ಹಾಗೆ ಕೇಳುವವರು ಹಿಂದುಗಳೇ ಎಂದು ಕ್ರೈಸ್ತರಾದ ನಾವು ಬೀಗಬೇಕಾದುದಿಲ್ಲ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡು, ತಪ್ಪು ಅವನದೋ ಅವನ ತಂದೆತಾಯಿಗಳದೋ ಎಂದು ಸ್ವಾಮಿಯನ್ನು ಕೇಳಿದವರು ಶಿಷ್ಯರೇ. ಸ್ವಾಮಿಯು ಇಬ್ಬರದೂ ಅಲ್ಲವೆಂದನು. ಆ ಉತ್ತರವನ್ನು ನಾವು ಭಾನುವಾರ ಓದಿ ಸೋಮವಾರ ಮರೆಯುತ್ತೇವೆ. ಹಲ್ಲಿನ ಮೇಲೆ ಕಂದು ಗೆರೆಯಿರುವ ಹುಡುಗಿಯು ಹಲ್ಲುಜ್ಜದ ಸೋಮಾರಿಯೆಂಬ ನಿಂದೆ ಇಂದಿಗೂ ನಿಂತಿಲ್ಲ. ವರನ ಕಡೆಯವರು ಬಂದ ದಿನ ಆ ಹುಡುಗಿ ಬಾಯಿಗೆ ಸೆರಗು ಮುಚ್ಚಿ ನಗಬೇಕಾಗುತ್ತದೆ. ಅವಳು ಎಷ್ಟು ಉಜ್ಜಿದರೂ ಆ ಗೆರೆ ಹೋಗುವಂತಹುದಲ್ಲ. ಹಲ್ಲು ಒಸಡಿನೊಳಗೆ ಮೊಳೆಯುತ್ತಿದ್ದಾಗಲೇ ಅದು ಬಿದ್ದಾಗಿತ್ತು. ಅವಳ ದೋಷ ಅದರಲ್ಲಿ ಎಳ್ಳಷ್ಟೂ ಇಲ್ಲ.

ಈ ಗೆರೆಗಳಿಗೂ ನೀರಿಗೂ ಇರುವ ಸಂಬಂಧವನ್ನು ಕಂಡುಹಿಡಿದ ಕಥೆಯು ಪ್ರಯೋಗಶಾಲೆಯಲ್ಲಿ ಆರಂಭವಾದುದಲ್ಲ. ೧೯೦೧ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಬಂದನು. ಊರಿನವರ ಹಲ್ಲಿನ ಮೇಲೆಲ್ಲಾ ಕಂದು ಕಲೆ. ಕಾರಣ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಮೆಕೇ ಯಾರ ಮಾತನ್ನೂ ನಂಬದೆ ಮಕ್ಕಳ ಬಾಯಿ ನೋಡಿ ಎಣಿಸುತ್ತಾ ಹೋದನು. ೧೯೨೩ರಲ್ಲಿ ಅವನಿಗೆ ಐಡಾಹೊ ಪ್ರಾಂತದ ಓಕ್ಲಿ ಎಂಬ ಸಣ್ಣ ಊರಿನಿಂದ ಕರೆ ಬಂತು. ದೂರದ ಒಂದು ಬಿಸಿನೀರಿನ ಬುಗ್ಗೆಯಿಂದ ಕೊಳವೆಯ ಮೂಲಕ ಊರಿಗೆ ನೀರು ತಂದ ಮೇಲೆಯೇ ಮಕ್ಕಳ ಹಲ್ಲು ಕೆಡಲಾರಂಭಿಸಿತೆಂದು ಅಲ್ಲಿನ ತಾಯಂದಿರು ಗಮನಿಸಿದ್ದರು. ಮೆಕೇ ಆ ನೀರನ್ನು ಪರೀಕ್ಷಿಸಿದಾಗ ಅವನಿಗೆ ಏನೂ ಸಿಕ್ಕಲಿಲ್ಲ. ಆದರೂ ತಾಯಂದಿರ ಲೆಕ್ಕದ ಮೇಲೆ ಭರವಸೆಯಿಟ್ಟು, ಆ ಕೊಳವೆಯನ್ನು ಬಿಟ್ಟು ಬೇರೊಂದು ಬುಗ್ಗೆಯ ನೀರನ್ನು ಕುಡಿಯಿರೆಂದು ಹೇಳಿದನು. ಕೆಲವು ವರ್ಷಗಳಾದ ಮೇಲೆ ಹೊಸದಾಗಿ ಹುಟ್ಟಿದ ಹಲ್ಲುಗಳು ಶುಭ್ರವಾಗಿದ್ದವು. ಆ ನೀರಿನಲ್ಲಿದ್ದುದು ಫ್ಲೋರೈಡೆಂದು ಗೊತ್ತಾದುದು ೧೯೩೧ರಲ್ಲಿ. ಅಲ್ಯೂಮಿನಿಯಂ ಕಾರ್ಖಾನೆಯೊಂದರ ರಸಾಯನಶಾಸ್ತ್ರಜ್ಞ ಚರ್ಚಿಲ್ ಎಂಬಾತನು ಅದನ್ನು ಕಂಡುಹಿಡಿದನು. ಅಂದರೆ ವಿಷದ ಹೆಸರು ತಿಳಿಯುವುದಕ್ಕೆ ಎಂಟು ವರ್ಷ ಮೊದಲೇ, ಓಕ್ಲಿಯ ತಾಯಂದಿರು ಮಕ್ಕಳ ಬಾಯಿ ನೋಡಿ ಕಾರಣವನ್ನು ಬೆರಳಿಟ್ಟು ತೋರಿಸಿದ್ದರು.

ಈ ಸಂಗತಿ ನಮಗೆ ಪರದೇಶದ ಕಥೆಯಾಗಿ ಬಹುಕಾಲ ಉಳಿಯಲಿಲ್ಲ. ೧೯೩೭ರಲ್ಲಿ ಷಾರ್ಟ್, ಪಂಡಿತ್, ರಾಘವಾಚಾರಿ ಎಂಬ ಮೂವರು ಆಗಿನ ಮದರಾಸು ಆಧಿಪತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನು ಬಿಗಿದ, ಕೀಲು ಹಿಡಿದ ರೋಗಿಗಳನ್ನು ಪರೀಕ್ಷಿಸಿ, ಬಾವಿಗಳ ನೀರನ್ನು ಅಳೆದು, ಇದು ಫ್ಲೋರೈಡಿನಿಂದಾದ ಎಲುಬಿನ ವ್ಯಾಧಿಯೆಂದು ಪ್ರಕಟಿಸಿದರು. ನೆಲ್ಲೂರಿನಿಂದ ಪಾವಗಡಕ್ಕೆ ಬಹು ದೂರವೇನೂ ಇಲ್ಲ. ಅದೇ ಬಗೆಯ ಬಂಡೆ, ಅದೇ ಬಗೆಯ ಬಿಸಿಲು. ಆದರೆ ಕೇಂದ್ರ ಸರ್ಕಾರವು ಫ್ಲೋರೋಸಿಸ್ ತಡೆಗೆಂದೇ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದುದು ೨೦೦೮-೦೯ರಲ್ಲಿ. ನಡುವೆ ಎಪ್ಪತ್ತೊಂದು ವರ್ಷ! ವಿದ್ಯೆಯ ಕೊರತೆಯಿಂದ ಈ ಕಾಲ ಕಳೆಯಿತೆಂದು ಹೇಳುವಂತಿಲ್ಲ. ಯಾವ ಊರಿನಲ್ಲಿ ಎಷ್ಟು ಜನ, ಯಾವ ಬಾವಿ ಎಂಬ ಲೆಕ್ಕವನ್ನು ಊರೂರಿಗೆ ಹೋಗಿ ಬರೆದಿಡುವವರಿಲ್ಲದೆ ಕಳೆಯಿತೆಂದೇ ನನ್ನ ಅಭಿಪ್ರಾಯ.

ಆ ನಡುಗಾಲದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಹಿಂದೆ ನಮ್ಮ ಜನರು ಕೆರೆಯ, ಕಲ್ಯಾಣಿಯ, ಮೆಟ್ಟಿಲುಬಾವಿಯ ನೀರನ್ನು ಕುಡಿಯುತ್ತಿದ್ದರು. ಅದರಿಂದ ವಾಂತಿಭೇದಿಯೂ ನಾರುಹುಣ್ಣೂ ಬರುತ್ತಿದ್ದವು. ನಾರುಹುಣ್ಣಿನ ಸಂಕಟವನ್ನು ಕಂಡ ಹಿರಿಯರು ಇನ್ನೂ ಕೆಲವರಿದ್ದಾರೆ; ಕಾಲಿನಿಂದ ಮೊಳದುದ್ದದ ಹುಳುವನ್ನು ಕಡ್ಡಿಗೆ ಸುತ್ತಿ ದಿನವೂ ಸ್ವಲ್ಪಸ್ವಲ್ಪವೇ ಎಳೆಯಬೇಕಾಗಿತ್ತು. ಕೈಪಂಪಿನ ಕೊಳವೆಬಾವಿಗಳನ್ನು ಕೊರೆದು ಮೆಟ್ಟಿಲುಬಾವಿಗಳನ್ನು ಬಿಡಿಸಿದ್ದು ಆ ಪಿಡುಗಿನ ನಿವಾರಣೆಗೆ ಬಹಳ ಸಹಾಯವಾಯಿತು. ೨೦೦೦ದಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ಘೋಷಿತವಾಯಿತು. ಇದು ಮಹತ್ಕಾರ್ಯ. ಆದರೆ ಅದೇ ಕೊಳವೆಬಾವಿಗಳು, ಅಂತರ್ಜಲ ಇಳಿದಂತೆಲ್ಲಾ ಇನ್ನೂ ಆಳಕ್ಕೆ ಹೋಗಿ, ಫ್ಲೋರೈಡನ್ನು ಮೇಲಕ್ಕೆ ತಂದವು. ಕೊರೆಸಿದವರು ದುಷ್ಟರಲ್ಲ. ಕೊರೆದ ಮೇಲೆ ಆ ನೀರು ಏನು ಮಾಡಿತು ಎಂಬುದನ್ನು ಹತ್ತು ವರ್ಷವಾದರೂ ಹಿಂದಿರುಗಿ ನೋಡುವ ಪದ್ಧತಿ ಇರಲಿಲ್ಲ. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸಕ್ಕೂ ಪರೀಕ್ಷೆ ಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತಿಳಿಯದು.

ಪರೀಕ್ಷೆಯು ವಿದ್ವಾಂಸರ ಊಹೆಯನ್ನೂ ಬಿಡಬಾರದೆಂಬುದನ್ನು ನಮ್ಮ ರಾಜ್ಯದಲ್ಲೇ ನಡೆದ ಬೇರೊಂದು ಪ್ರಸಂಗ ತೋರಿಸುತ್ತದೆ. ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಗ್ರಾಮದಲ್ಲಿ ೧೯೭೦ರ ದಶಕದ ನಡುವಿನಲ್ಲಿ ಒಂದು ವಿಚಿತ್ರವಾದ ಕೀಲುರೋಗ ಗಮನಕ್ಕೆ ಬಂತು. ಸೊಂಟವೂ ಮೊಣಕಾಲೂ ನೋಯುವುದು, ನಡಿಗೆ ಕೆಡುವುದು, ಕೆಲವರು ನೆಲಹಿಡಿಯುವುದು. ರೋಗಕ್ಕೆ ಊರಿನ ಹೆಸರೇ ಬಿತ್ತು. ಮೊದಲು ಬಂದ ಸಂಶೋಧಕರು, ಕ್ರಿಮಿನಾಶಕ ಸಿಂಪಡಿಸಿದ ಗದ್ದೆಗಳ ಏಡಿಗಳನ್ನು ಬಡವರು ತಿನ್ನುವುದರಿಂದ ಇದು ಬಂದಿರಬಹುದೆಂದು ಶಂಕಿಸಿದರು. ಶಂಕೆ ಯುಕ್ತವಾಗಿಯೇ ಕಾಣುತ್ತಿತ್ತು. ಪತ್ರಿಕೆಗಳೂ ಅದನ್ನೇ ಹರಡಿದವು. ಆದರೆ ಮುಂದೆ ವಂಶವೃಕ್ಷಗಳನ್ನು ಬರೆದು, ಎಕ್ಸರೆಗಳನ್ನು ತೆಗೆದು, ಒಂದೊಂದು ಮನೆಯನ್ನೂ ಕ್ರಮವಾಗಿ ಶೋಧಿಸಿದಾಗ, ಅದು ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರುವ ಎಲುಬಿನ ಬೆಳವಣಿಗೆಯ ದೋಷವೆಂದು ಸಿದ್ಧಪಟ್ಟಿತು. ಏಡಿಯನ್ನು ಬಿಟ್ಟವರಿಗೆ ಅದರಿಂದ ಏನೂ ಉಪಕಾರವಾಗುವಂತಿರಲಿಲ್ಲ. ಹಂದಿಗೋಡಿನಲ್ಲಿ ನೀರನ್ನೋ ಏಡಿಯನ್ನೋ ಬದಲಿಸಿದರೆ ಫಲವಿಲ್ಲ. ಪಾವಗಡದಲ್ಲಿ ವಂಶವೃಕ್ಷ ಬರೆದರೆ ಫಲವಿಲ್ಲ. ಹೊರಗಣ್ಣಿಗೆ ಎರಡು ಕಡೆಯೂ ಕಾಣುವುದು ಕುಂಟುತ್ತಾ ನಡೆಯುವ ಬಡವರೇ.

ಇನ್ನು ಪರಿಹಾರಗಳ ಮಾತು. ನಮ್ಮ ಪಂಚಾಯಿತಿಗಳಲ್ಲಿ ಈಗ ಶುದ್ಧ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಅವು ಕೆಲಸ ಮಾಡುತ್ತಿರುವಷ್ಟು ದಿನ ಫ್ಲೋರೈಡನ್ನು ಚೆನ್ನಾಗಿಯೇ ತೆಗೆಯುತ್ತವೆ. ಈ ಮಾತನ್ನು ಒಪ್ಪದಿರುವುದು ಅನ್ಯಾಯ. ಆದರೆ ಒಳಗಿನ ಪೊರೆ ಸವೆದರೆ, ವಿದ್ಯುತ್ತು ನಿಂತರೆ, ದುರಸ್ತಿಯವನು ಬಾರದಿದ್ದರೆ ಘಟಕವು ಬರಿಯ ಕಟ್ಟಡ. ಪೊರೆ ಸವೆದ ಮೇಲೂ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆಂಬುದು ಇನ್ನೂ ಅಪಾಯ. ಉದ್ಘಾಟನೆಯ ದಿನ ಟೇಪು ಕತ್ತರಿಸಿದವರ ಹೆಸರು ಕಲ್ಲಿನ ಮೇಲಿರುತ್ತದೆ. ಕಡೆಯ ಬಾರಿ ನೀರನ್ನು ಪರೀಕ್ಷಿಸಿದ ದಿನಾಂಕವೂ ಬಂದ ಅಂಕಿಯೂ ಅಲ್ಲಿ ಎಲ್ಲಿಯೂ ಇರುವುದಿಲ್ಲ. ಹೆಸರಿಗಿಂತ ಅಂಕಿಯನ್ನೇ ಕಲ್ಲಿನ ಮೇಲೆ ಕೆತ್ತಿಸಬೇಕೆಂದು ಹೇಳುವಷ್ಟು ಕಟುವಾಗಿ ನಾನು ಹೇಳಲಾರೆ. ಒಂದು ಕರಿಹಲಗೆ ಸಾಕು.

ಇದಲ್ಲದೆ ಕುಡಿಯುವುದಕ್ಕೆ ಕ್ಯಾನಿನ ನೀರು, ಅಡಿಗೆಗೆ ಬೋರಿನ ನೀರು ಎಂಬ ರೂಢಿ ಬಹು ಮನೆಗಳಲ್ಲಿದೆ. ಕ್ಯಾನಿಗೆ ಹಣ ಕೊಡಬೇಕಾದುದರಿಂದ ಗೃಹಿಣಿಯು ಹಾಗೆ ಮಾಡುವುದು ಸಹಜವೇ. ಆದರೆ ಮುದ್ದೆಯ ಎಸರೂ ಸಾರೂ ಚಹವೂ ನಾವು ನುಂಗುವ ನೀರೇ ಅಲ್ಲವೆ? ಕುದಿಸಿದರೆ ನೀರು ಶುದ್ಧವಾಗುತ್ತದೆಂದು ನಾವೇ ಶಾಲೆಗಳಲ್ಲಿ ಕಲಿಸಿದ್ದೇವೆ. ರೋಗಾಣುಗಳ ವಿಷಯದಲ್ಲಿ ಅದು ನಿಜ. ಫ್ಲೋರೈಡು ಕುದಿತಕ್ಕೆ ಹೋಗುವುದಿಲ್ಲ; ನೀರು ಆವಿಯಾಗಿ ಹೋದಷ್ಟೂ ಉಳಿದುದರಲ್ಲಿ ಅದು ಮಂದವಾಗುತ್ತದೆ. ಆರೋಗ್ಯಶಾಸ್ತ್ರದ ಪಾಠದಲ್ಲಿ ಈ ಒಂದು ವಾಕ್ಯವನ್ನು ಸೇರಿಸಿದರೆ ನಮ್ಮ ಸೀಮೆಗೆ ಬಹಳ ಉಪಕಾರವಾದೀತು.

ಹಳೆಯ ಉಪಾಯವೊಂದುಂಟು. ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನಾಲಯದವರು ೧೯೭೦ರ ದಶಕದಲ್ಲಿ ರೂಪಿಸಿದ ನಲಗೊಂಡ ವಿಧಾನ. ನೀರಿಗೆ ಪಟಕವನ್ನೂ ಸುಣ್ಣವನ್ನೂ ಗೊತ್ತಾದ ಪ್ರಮಾಣದಲ್ಲಿ ಹಾಕಿ ಕಲಕಿ, ತಳಕ್ಕಿಳಿದ ಮಡ್ಡಿಯನ್ನು ಬಿಟ್ಟು ಮೇಲಿನ ನೀರನ್ನು ಬಸಿದುಕೊಳ್ಳುವುದು. ಖರ್ಚು ಕಡಿಮೆ. ಆದರೆ ಪ್ರಮಾಣ ತಪ್ಪಿದರೆ ಫ್ಲೋರೈಡು ಉಳಿಯುವುದು, ಇಲ್ಲವೆ ಪಟಕದ ಅಂಶವೇ ನೀರಿನಲ್ಲಿ ನಿಲ್ಲುವುದು. ಮಡ್ಡಿಯನ್ನು ಎಲ್ಲಿ ಚೆಲ್ಲುವುದೆಂಬ ತೊಂದರೆ ಬೇರೆ. ದಿನವೂ ಇಷ್ಟು ಜಾಗರೂಕತೆಯನ್ನು ಹೊಲದಿಂದ ದಣಿದು ಬಂದ ಹೆಂಗಸಿನಿಂದ ನಿರೀಕ್ಷಿಸುವ ಯಾವ ಉಪಾಯವೂ, ವಿದ್ಯಾಲಯದಲ್ಲಿ ಎಷ್ಟೇ ಚೆನ್ನಾಗಿ ಗೆದ್ದಿದ್ದರೂ, ಅಡಿಗೆಮನೆಯಲ್ಲಿ ಸೋಲುತ್ತದೆ. ಅದೂ ಒಂದು ಸಾಕ್ಷ್ಯವೇ. ತುಂಗಭದ್ರೆಯ ನೀರನ್ನು ಕೊಳವೆಗಳಲ್ಲಿ ಪಾವಗಡಕ್ಕೆ ತರುವ ಬಹುಗ್ರಾಮ ಯೋಜನೆಯ ಮೇಲೂ ಛಾವಣಿಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಡುವುದರ ಮೇಲೂ ನನಗೆ ಹೆಚ್ಚು ನಂಬಿಕೆ. ಏಕೆಂದರೆ ಅವು ಕೆಟ್ಟ ನೀರನ್ನು ತೊಳೆಯುವ ಬದಲು ಒಳ್ಳೆಯ ನೀರನ್ನೇ ಕೊಡುತ್ತವೆ. ಆದರೆ ಈ ನಂಬಿಕೆಗೂ ಮೇಲೆ ಹೇಳಿದ ನಿಯಮವೇ ಅನ್ವಯಿಸಬೇಕು. ದೂರದ ಹೊಳೆಯ ನೀರು ಯಾವ ಊರಿನ ನಲ್ಲಿಯಲ್ಲಿ ವಾರಕ್ಕೆ ಎಷ್ಟು ದಿನ ಬರುತ್ತದೆ, ಬಾರದ ದಿನ ಜನರು ಏನನ್ನು ಕುಡಿಯುತ್ತಾರೆ ಎಂಬುದನ್ನು ಬರೆದಿಡದೆ ಆ ಯೋಜನೆ ಗೆದ್ದಿತೆಂದೂ ಹೇಳಬಾರದು, ಸೋತಿತೆಂದೂ ಹೇಳಬಾರದು.

ಹುಣಿಸೆಹಣ್ಣಿನ ವಿಷಯ ಹೇಳದೆ ಹೋದರೆ ತುಮಕೂರು ಸೀಮೆಯವರಿಗೆ ಬೇಸರವಾದೀತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಕೆಲವು ಶಾಲಾಬಾಲಕರಿಗೆ ಹುಣಿಸೆಯನ್ನು ತಿನ್ನಿಸಿ ನೋಡಿದಾಗ ಅವರ ಮೂತ್ರದಲ್ಲಿ ಫ್ಲೋರೈಡು ಹೆಚ್ಚಾಗಿ ಹೊರಬಿದ್ದಿತು. ಇದು ೨೦೦೨ರಲ್ಲಿ ಪ್ರಕಟವಾಯಿತು. ಸಂತೋಷದ ಸುದ್ದಿಯೇ. ಆದರೆ ಪರೀಕ್ಷೆಗೊಳಗಾದವರು ಕೆಲವೇ ಬಾಲಕರು, ಕಾಲವೂ ಅಲ್ಪ. ಹುಣಿಸೆಸಾರಿನಿಂದ ಬಾಗಿದ ಬೆನ್ನು ನೆಟ್ಟಗಾಯಿತೆಂದು ಅದರಲ್ಲಿ ಯಾರೂ ಹೇಳಿಲ್ಲ. ನಮ್ಮ ಹಿತ್ತಲ ಗಿಡಕ್ಕೆ ಪ್ರಶಸ್ತಿ ದೊರೆತಾಗ ನಾವು ಹಿಗ್ಗುವುದು ಸರಿ. ಹಿಗ್ಗಿನಲ್ಲಿ ಬೋರಿನ ನೀರನ್ನೇ ಮುಂದುವರಿಸುವುದು ಸರಿಯಲ್ಲ. ಹಾಲು, ರಾಗಿ, ನುಗ್ಗೆಸೊಪ್ಪು, ಎಳ್ಳು, ನೆಲ್ಲಿಕಾಯಿ ಇವು ಮಕ್ಕಳಿಗೆ ಯಾವ ಕಾರಣಕ್ಕಾದರೂ ಒಳ್ಳೆಯವು. ಪುಷ್ಟಿಯಿಲ್ಲದ ಮೈಗೆ ಈ ವ್ಯಾಧಿ ಹೆಚ್ಚು ತಗಲುತ್ತದೆ.

ಎರಡನೆಯ ಅರಸುಗಳ ಪುಸ್ತಕದಲ್ಲಿ ಎಲೀಷನು ಯೆರಿಕೋವಿನ ಕೆಟ್ಟ ಬುಗ್ಗೆಗೆ ಉಪ್ಪು ಹಾಕಿದ ವೃತ್ತಾಂತವು ನಮ್ಮ ಮಕ್ಕಳಿಗೆಲ್ಲಾ ಗೊತ್ತು. ಆ ಕಥೆಯಲ್ಲಿ ನಾನು ಹೆಚ್ಚಾಗಿ ಯೋಚಿಸುವುದು ಉಪ್ಪನ್ನಲ್ಲ. ನೀರು ಕೆಟ್ಟುದೆಂಬುದನ್ನು ಪ್ರವಾದಿಗೆ ತಿಳಿಸಿದವರು ಊರಿನವರು. ಊರು ಚೆನ್ನಾಗಿದೆ, ನೀರು ಮಾತ್ರ ಕೆಟ್ಟಿದೆ, ಅದರಿಂದ ಇಂಥಿಂಥ ಹಾನಿಯಾಗುತ್ತಿದೆ ಎಂದು ಅವರು ವಿವರವಾಗಿ ಅರಿಕೆಮಾಡಿಕೊಂಡರು. ಅದನ್ನು ಗಮನಿಸಿ ಹೇಳಬಲ್ಲವರು ಊರಿನಲ್ಲಿಲ್ಲದಿದ್ದರೆ ಪ್ರವಾದಿ ಬಂದೂ ಫಲವೇನು?

ಈಗಾಗಲೇ ಬೆನ್ನು ಬಾಗಿರುವವರ ಗತಿಯೇನೆಂದು ಓದುಗರು ಕೇಳಬಹುದು. ಮುಂದಿನ ಮಕ್ಕಳನ್ನು ಉಳಿಸುವ ಉತ್ಸಾಹದಲ್ಲಿ ಇವರನ್ನು ಎಚ್ಚರಿಕೆಯ ಚಿತ್ರಗಳಂತೆ ತೋರಿಸಿ ಬಿಟ್ಟುಬಿಡುವ ಕೆಟ್ಟ ಅಭ್ಯಾಸ ನಮ್ಮಲ್ಲಿದೆ. ಮಿಷನ್ ಸಂಸ್ಥೆಗಳ ಚರಿತ್ರೆಯಲ್ಲಿ ಇದಕ್ಕೆ ವಿರೋಧವಾದ ಒಳ್ಳೆಯ ಮಾದರಿ ಇದೆ. ಕುಷ್ಠರೋಗಿಗಳ ಬೆರಳುಗಳು ರೋಗದಿಂದಲೇ ಕೊಳೆತು ಬೀಳುತ್ತವೆಂದು ವೈದ್ಯರೂ ನಂಬಿದ್ದ ಕಾಲದಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ೧೯೪೬ರಲ್ಲಿ ಬಂದ ಡಾಕ್ಟರ್ ಪಾಲ್ ಬ್ರಾಂಡ್ ಅವರು ರೋಗಿಗಳ ಗಾಯಗಳನ್ನು ಒಂದೊಂದಾಗಿ ಅನುಸರಿಸಿ ನೋಡಿದರು. ನೋವಿನ ಅರಿವಿಲ್ಲದುದರಿಂದ ಸುಟ್ಟುಕೊಂಡು, ಕೊಯ್ದುಕೊಂಡು, ಉಜ್ಜಿಕೊಂಡು ಬೆರಳುಗಳು ಹಾಳಾಗುತ್ತವೆಂದು ತಿಳಿದುಬಂತು. ತಿಳಿದ ಮೇಲೆ ಅವನ್ನು ಕಾಪಾಡುವುದು ಸಾಧ್ಯವಾಯಿತು. ಮಡಚಿಹೋದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸುವುದೂ ಸಾಧ್ಯವಾಯಿತು. ಅದೇ ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಅವರು ೧೯೫೪ರಲ್ಲಿ ವಾಹನದ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ಅಮೆರಿಕಕ್ಕೆ ಹೋಗಿ ಪುನರ್ವಸತಿ ವೈದ್ಯವನ್ನು ಕಲಿತು ಬಂದರು. ೧೯೬೬ರಲ್ಲಿ ವೆಲ್ಲೂರಿನಲ್ಲಿ ತೆರೆದ ಪುನರ್ವಸತಿ ಕೇಂದ್ರವು ಅವರ ಶ್ರಮದ ಫಲ. ಅಂಗವಿಕಲರಿಗೆ ಏನು ಬೇಕೆಂಬುದನ್ನು ಅವರು ಊಹಿಸಬೇಕಾಗಿರಲಿಲ್ಲ.

ನಮ್ಮ ಸೀಮೆಯ ಬಾಗಿದ ಬೆನ್ನಿನವರಿಗೆ ಏನು ಬೇಕೆಂಬುದನ್ನು ನಾವು ಕೇಳಿದ್ದೇವೆಯೆ? ನೋವು ಶಮನವಾಗುವ ಔಷಧ, ಕೀಲು ಇನ್ನಷ್ಟು ಬಿಗಿಯದಂತೆ ಅಂಗಸಾಧನೆ, ಬೆನ್ನುಹುರಿ ಅದುಮಲ್ಪಟ್ಟವರಿಗೆ ಶಸ್ತ್ರವೈದ್ಯರ ಸಲಹೆ, ಇವು ಆಸ್ಪತ್ರೆಯ ಭಾಗ. ಆದರೆ ಕುಕ್ಕುರುಗಾಲಿನಲ್ಲಿ ಕೂರಲಾರದವಳಿಗೆ ಎತ್ತರದ ಪೀಠದ ಶೌಚಾಲಯವೂ, ಬಾಗಲಾರದವಳಿಗೆ ನಿಂತು ಮಾಡುವ ಒಲೆಯ ಕಟ್ಟೆಯೂ, ಕೊಡ ಹೊರಲಾರದವಳಿಗೆ ಮನೆಯ ಬಾಗಿಲಲ್ಲಿ ನಲ್ಲಿಯೂ ಔಷಧದಷ್ಟೇ ಅವಶ್ಯಕ. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಫ್ಲೋರೋಸಿಸ್ಸಿನ ಹೆಸರು ಅದರಲ್ಲಿ ಪ್ರತ್ಯೇಕವಾಗಿಲ್ಲ. ಚಲನವೈಕಲ್ಯದ ಅಡಿಯಲ್ಲಿ ಇವರು ಅರ್ಜಿ ಹಾಕಿಕೊಳ್ಳಬೇಕು. ಅಲ್ಲಿ ಶೇಕಡ ೪೦ ಎಂದು ವೈದ್ಯಮಂಡಲಿ ಬರೆದರೆ ಮಾತ್ರ ಅನೇಕ ಸೌಲಭ್ಯಗಳು. ಬೆಳಗಿನಿಂದ ಸಂಜೆಯವರೆಗೆ ಕಳೆ ಕೀಳಲಾರದೆ ಕೂಲಿ ಕಳೆದುಕೊಂಡ ಹೆಂಗಸು, ಮಂಡಲಿಯ ಮುಂದೆ ಹತ್ತು ಹೆಜ್ಜೆ ನಡೆದು ತೋರಿಸಬಲ್ಲಳಾದುದರಿಂದ ಶೇಕಡ ೩೦ ಆಗಿ ಬರಿಗೈಯಲ್ಲಿ ಹಿಂದಿರುಗಬಹುದು. ಅಳತೆ ಬೇಕೆಂದು ಇಷ್ಟು ಹೊತ್ತು ವಾದಿಸಿದ ನಾನೇ ಹೇಳುತ್ತೇನೆ: ತಪ್ಪು ವಸ್ತುವನ್ನು ಅಳೆಯುವ ಅಳತೆಯು ಅಳೆಯದಿರುವುದಕ್ಕಿಂತ ಮೇಲೇನೂ ಅಲ್ಲ. ಕೀಲಿನ ಕೋನವನ್ನು ಅಳೆಯುವವರು ಆಕೆಯ ದಿನವನ್ನೂ ಅಳೆಯತಕ್ಕದ್ದು.

ಇಷ್ಟೆಲ್ಲಾ ಸರ್ಕಾರದ, ವೈದ್ಯರ ಕೆಲಸವಾಯಿತು, ಹೆಣ್ಣುಮಕ್ಕಳ ಶಾಲೆಯೊಂದು ಮಾಡುವುದೇನು ಎಂಬ ಪ್ರಶ್ನೆ ಸಹಜ. ನನ್ನ ಸೂಚನೆಯನ್ನು ಆಡಳಿತ ಮಂಡಲಿಯವರೂ ಉಪಾಧ್ಯಾಯಿನಿಯರೂ ದಯಮಾಡಿ ಪರ್ಯಾಲೋಚಿಸಬೇಕು. ಹಲ್ಲಿನ ಮೇಲ್ಪದರವು ರೂಪುಗೊಳ್ಳುವುದು ಸುಮಾರು ಎಂಟು ವಯಸ್ಸಿನವರೆಗೆ. ಆಮೇಲೆ ಎಷ್ಟು ಫ್ಲೋರೈಡು ಕುಡಿದರೂ ಹೊಸ ಗೆರೆ ಬೀಳದು, ಎಷ್ಟು ಒಳ್ಳೆಯ ನೀರು ಕುಡಿದರೂ ಹಳೆಯ ಗೆರೆ ಹೋಗದು. ಆದುದರಿಂದ ಹದಿಮೂರು ವಯಸ್ಸಿಗೆ ಪ್ರೌಢಶಾಲೆಗೆ ಸೇರುವ ಹುಡುಗಿಯ ಹಲ್ಲು, ಆಕೆ ಎಂಟು ವರ್ಷ ತುಂಬುವವರೆಗೆ ಯಾವ ನೀರು ಕುಡಿದಳೆಂಬುದರ ದಿನಚರಿ. ನಮ್ಮ ಶಾಲೆಗೆ ಬೇರೆಬೇರೆ ಹೋಬಳಿಗಳಿಂದ ಪ್ರತಿ ವರ್ಷವೂ ಮಕ್ಕಳು ಬರುತ್ತಾರೆ. ಓಕ್ಲಿಯ ತಾಯಂದಿರಿಗೆ ಇದ್ದ ಅನುಕೂಲಕ್ಕಿಂತ ನಮ್ಮ ಅನುಕೂಲ ಹೆಚ್ಚು.

ಒಂದು ದಪ್ಪ ರಿಜಿಸ್ಟರನ್ನು ತೆರೆಯೋಣ. ಪ್ರತಿ ವರ್ಷ ಹೊಸದಾಗಿ ಸೇರಿದ ಬಾಲಕಿಯರ ಹಲ್ಲನ್ನು ದಂತವೈದ್ಯರಿಂದ ಪರೀಕ್ಷೆ ಮಾಡಿಸಿ, ಹುಟ್ಟಿದ ವರ್ಷ, ಎಂಟು ವರ್ಷದವರೆಗೆ ಇದ್ದ ಊರು, ಆಗ ಕುಡಿದ ನೀರು ಬಾವಿಯದೋ ಬೋರಿನದೋ ಘಟಕದ್ದೋ ಮಳೆಯದೋ, ಅಡಿಗೆಗೆ ಯಾವ ನೀರು, ಗೆರೆ ಇದೆಯೋ ಇಲ್ಲವೋ, ಇದ್ದರೆ ಎಷ್ಟು ಎಂಬುದನ್ನು ಬರೆಯತಕ್ಕದ್ದು. ಹೆಸರನ್ನು ಬರೆಯಕೂಡದು. ತಂದೆತಾಯಿಗಳ ಒಪ್ಪಿಗೆಯಿಲ್ಲದೆ, ಹುಡುಗಿಯ ಸ್ವಂತ ಒಪ್ಪಿಗೆಯಿಲ್ಲದೆ ನೋಡಕೂಡದು. ತರಗತಿಯ ಮುಂದೆ ನಿಲ್ಲಿಸಿ ಬಾಯಿ ತೆರೆಸುವುದಂತೂ ಎಂದಿಗೂ ಕೂಡದು. ಅದೇ ವರ್ಷ ಮೇಲ್ತರಗತಿಯ ಹುಡುಗಿಯರು ರಜೆಗೆ ಹೋದಾಗ ತಮ್ಮ ಊರಿನ ನೀರನ್ನು ತೊಳೆದ ಪ್ಲಾಸ್ಟಿಕ್ ಸೀಸೆಯಲ್ಲಿ ತರಲಿ, ಬೇಸಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿ ಗ್ರಾಮದ ಐವರು ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸಿ ಪೆಟ್ಟಿಗೆ ಕೊಡಬೇಕೆಂಬ ವಿಧಿಯಿದೆ. ಫ್ಲೋರೈಡಿಗೆ ಬಣ್ಣ ಬದಲಾಗುವ ಪರೀಕ್ಷೆಯೂ ಅದರಲ್ಲಿದ್ದು, ನಮ್ಮ ವಿಜ್ಞಾನದ ಉಪಾಧ್ಯಾಯಿನಿಯರಿಗೆ ಅದು ಕಷ್ಟವಲ್ಲ. ಬಣ್ಣದ ಪರೀಕ್ಷೆಯಲ್ಲಿ ಸಂಶಯ ಬಂದ ಸೀಸೆಗಳನ್ನು ಜಿಲ್ಲಾ ಪ್ರಯೋಗಶಾಲೆಗೆ ಕಳುಹಿಸಬಹುದು.

ಮೊದಲ ಮೂರು ನಾಲ್ಕು ವರ್ಷ ಈ ರಿಜಿಸ್ಟರಿನಿಂದ ಏನೂ ತಿಳಿಯದು, ಯಾರೂ ಬಂದು ಹೊಗಳರು. ಆದರೆ ಹೊಳೆಯ ನೀರು ಬಂದ ಊರೊಂದರಲ್ಲಿ, ಬಂದ ಮೇಲೆ ಹುಟ್ಟಿದ ಮಗು ನಮ್ಮ ಶಾಲೆಗೆ ಸೇರುವುದು ಹದಿಮೂರು ವರ್ಷದ ತರುವಾಯ. ಆ ಮಗುವಿನ ಸಾಲಿನಲ್ಲಿ ಗೆರೆ ಇಲ್ಲವೆಂದು ಬರೆಯುವ ಉಪಾಧ್ಯಾಯಿನಿಗೆ, ಅದೇ ಊರಿನಿಂದ ಹಿಂದಿನ ವರ್ಷಗಳಲ್ಲಿ ಬಂದವರ ಸಾಲುಗಳು ಅದೇ ಪುಸ್ತಕದಲ್ಲಿ ಸಿಕ್ಕಬೇಕು. ಒಂದು ವೇಳೆ ಅಂದೂ ಗೆರೆ ಇದ್ದರೆ, ಪಂಚಾಯಿತಿಗೂ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಅರ್ಜಿ ಬರೆಯುವಾಗ ಲಗತ್ತಿಸುವುದಕ್ಕೆ ಆ ಪುಟಗಳ ನಕಲು ಬೇಕು. ರಿಜಿಸ್ಟರಿನ ಮೊದಲ ಪುಟವನ್ನು ಈ ಜೂನ್ ತಿಂಗಳಲ್ಲಿ ಶಾಲೆ ತೆರೆದ ವಾರವೇ ತುಂಬುವುದು ಅನುಕೂಲ. ಪುಸ್ತಕದ ಖರ್ಚನ್ನೂ ಮೊದಲ ವರ್ಷದ ಪರೀಕ್ಷೆಯ ಸಾಮಗ್ರಿಯ ಖರ್ಚನ್ನೂ ಹಳೆಯ ವಿದ್ಯಾರ್ಥಿನಿಯರ ಸಂಘವು ವಹಿಸಬಹುದೆಂದು ನನ್ನ ಎಣಿಕೆ.